ಮೊದಲು ಕೈ, ಆಮೇಲೆ ಮಾತು

ಯೇಸುವಿನ ಶಿಷ್ಯ ಪೇತ್ರ ನೀರಿನ ಮೇಲೆ ನಡೆದು ಅವರ ಬಳಿಗೆ ಹೋಗುವಾಗ ಗಾಳಿಗೆ ಹೆದರಿ ಮುಳುಗತೊಡಗಿದ್ದು ನಂಬಿಕೆ ಸಾಲದೆ ಅಂತ ಬರೆದಿದ್ದೀರಿ. ಸರಿ, ಆದರೆ ಈ ಕಥೆ ಬರುವ ಬೈಬಲಿನ ಮತ್ತಾಯ ಸುವಾರ್ತೆಯ 14ನೇ ಅಧ್ಯಾಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯೇ. ಅವನು ಮೀನುಗಾರ, ಗಲಿಲಾಯ ಸರೋವರ ಅವನಿಗೆ ಮನೆಯಂಗಳ ಇದ್ದ ಹಾಗೆ. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಜಾಸ್ತಿ ತಗ್ಗಿನಲ್ಲಿದೆ, ಬೆಟ್ಟಗಳ ಕಡೆಯಿಂದ ಗಾಳಿ ಏಕಾಏಕಿ ನುಗ್ಗುತ್ತದೆ. ನೀರು ಬಲ್ಲವನೇ "ಸ್ವಾಮೀ, ನನ್ನನ್ನು ಕಾಪಾಡು" ಎಂದು ಕೂಗಿದ. ಉದ್ದದ ಪ್ರಾರ್ಥನೆಗೆ ಪುರುಸೊತ್ತೆಲ್ಲಿ? ಯೇಸುಸ್ವಾಮಿ ತಕ್ಷಣ ಕೈಚಾಚಿ ಹಿಡಿದರು. ಯಾಕೆ ಸಂದೇಹಪಟ್ಟೆ ಎಂದು ಕೇಳಿದ್ದು ಹಿಡಿದ ಮೇಲೆ. ಈ ಕ್ರಮವೇ ರಕ್ಷಣೆ ಅಲ್ವಾ?

ಸಿರಿಯಾದ ಪ್ರಾಚೀನ ಪಟ್ಟಣ ದುರಾ ಯುರೋಪಸ್‌ನಲ್ಲಿ 3ನೇ ಶತಮಾನದ ಮನೆ-ಚರ್ಚೊಂದು (ಚರ್ಚಾಗಿ ಬಳಸಿದ ಮನೆ) ಸಿಕ್ಕಿದೆ. ಅಲ್ಲಿನ ದೀಕ್ಷಾಸ್ನಾನದ (ಕ್ರೈಸ್ತರಾಗುವವರಿಗೆ ನೀರಿನಲ್ಲಿ ಮಾಡಿಸುವ ಸಂಸ್ಕಾರ) ಕೋಣೆಯ ಗೋಡೆಯಲ್ಲೂ ಇದೇ ಚಿತ್ರವಿತ್ತು: ದೋಣಿ, ಅಲೆ, ನೀರಿನ ಮೇಲೆ ಯೇಸು, ಪೇತ್ರ. ನೀರಿಗಿಳಿಯಲು ಬಂದವರು ಅದನ್ನು ನೋಡುತ್ತಲೇ ಇಳಿದಿರಬೇಕು.