ಪ್ರಯಾಣದಲ್ಲಿ ಸೊರಗುವ ಕಲ್ಲಿದ್ದಲು

ಗೋದಾವರಿ ಕಣಿವೆಯ ಕಲ್ಲಿದ್ದಲು ಇಪ್ಪತ್ತೈದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ನೆಲದಡಿ ತೆಪ್ಪಗೆ ಮಲಗಿತ್ತು. ಅಷ್ಟು ದಿನ ಕೆಡದ ಅದರ ಗುಣ ಗೂಡ್ಸ್ ರೈಲು ಹತ್ತಿದ ಮೇಲೆ ಕೆಡುತ್ತದೆ. ಗಣಿಯಲ್ಲಿ ಜಿ-11 ದರ್ಜೆ ಎಂದು ಬಿಲ್ಲಾದದ್ದು ವಿದ್ಯುತ್ ಸ್ಥಾವರದ ಅಂಗಳದಲ್ಲಿ ಜಿ-13 ಆಗಿ ಇಳಿಯುವುದುಂಟು. ಇದಕ್ಕೆ ಇಲಾಖೆಯ ಭಾಷೆಯಲ್ಲಿ ‘ಗ್ರೇಡ್ ಸ್ಲಿಪ್ಪೇಜ್’ ಎನ್ನುತ್ತಾರೆ. ಯಾರೋ ಬೀಳಿಸಿದ್ದಲ್ಲ, ತಾನಾಗಿಯೇ ಕಾಲು ಜಾರಿತು ಎಂಬ ಭಾವ.

2012ರಿಂದ ನಮ್ಮ ಕಲ್ಲಿದ್ದಲಿಗೆ ಹದಿನೇಳು ದರ್ಜೆ. ಕಿಲೋಗೆ 4,001ರಿಂದ 4,300 ಕಿಲೊಕ್ಯಾಲೊರಿ ಶಾಖ ಕೊಟ್ಟರೆ ಜಿ-11. ಪ್ರತಿ 300ಕ್ಕೆ ಒಂದು ಮೆಟ್ಟಿಲು, ಅಂಕಿ ಏರಿದಷ್ಟೂ ಗುಣ ಇಳಿಯುತ್ತದೆ. ಬೂದಿ, ಅಂದರೆ ಉರಿಯದೆ ಉಳಿಯುವ ಭಾಗ, ಶೇ. 3-4ರಷ್ಟು ಹೆಚ್ಚಾದರೆ ಸಾಕು, ಒಂದು ಮೆಟ್ಟಿಲು ಕೆಳಗೆ. ಬೂದಿಗೇನು ಬರವೇ? ಈ ಕಲ್ಲಿದ್ದಲು ಹುದುಗಿರುವ ಬರಾಕರ್ ಶಿಲಾಸ್ತರದ ಪದರಗಳ ನಡುನಡುವೆ ಶೇಲ್ ಎಂಬ ಪದರಗಲ್ಲು, ಜೇಡಿಯ ಪಟ್ಟಿಗಳಿವೆ. ಭೂವಿಜ್ಞಾನಿ ಕೊರೆದು ತೆಗೆದ ಕಲ್ಲಿನ ಕೋಲಿನಲ್ಲಿ (ಕೋರ್) ಅವನ್ನು ಬೆರಳಿಟ್ಟು ಗುರುತಿಸುತ್ತಾನೆ. ತೆರೆದ ಗಣಿಯ ಶೊವೆಲ್‌ಗೆ ಆ ವ್ಯವಧಾನವಿಲ್ಲ. ಕಲ್ಲಿದ್ದಲು, ಶೇಲ್, ಜೊತೆಗೆ ಪದರದ ಮೇಲಿನ ಮರಳುಗಲ್ಲು ಒಂದೇ ಬಕೆಟ್ಟಿನಲ್ಲಿ ಬಾಚಿ ಡಂಪರಿಗೆ ಸುರಿಯುತ್ತದೆ. ವಾರ್ಷಿಕ ಗ್ರೇಡ್ ಘೋಷಣೆ ಪದರದ್ದು, ರೈಲು ಹತ್ತುವುದು ಬಕೆಟ್ಟಿನದ್ದು.

ಇನ್ನು ಸ್ಯಾಂಪಲ್ ತೆಗೆಯುವ ಕಲೆ. ನಿಯಮದ ಪ್ರಕಾರ ರೇಕಿನಲ್ಲಿ, ಅಂದರೆ ಇಡೀ ಗೂಡ್ಸ್ ರೈಲಿನಲ್ಲಿ, ಲಾಟರಿ ಎತ್ತಿದಂತೆ ವ್ಯಾಗನ್ ಆರಿಸಿ, ಮೇಲ್ಪದರ ಸರಿಸಿ, ಒಳಗಿನಿಂದ ತೆಗೆಯಬೇಕು. 12.5 ಮಿ.ಮೀ.ಗೆ ಪುಡಿ ಮಾಡಿ, ರಾಶಿ ಹಾಕಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಉಳಿಸಿಕೊಂಡು, ಮತ್ತೆ ಮತ್ತೆ ಕುಗ್ಗಿಸಿ, ಕೊನೆಗೆ 212 ಮೈಕ್ರಾನ್ ಜರಡಿಗೆ ಇಳಿಸಬೇಕು. ಶಾಖ ಅಳೆಯುವ ಬಾಂಬ್ ಕ್ಯಾಲೊರಿಮೀಟರಿನಲ್ಲಿ ಉರಿಯುವುದು ಅದರಲ್ಲಿ ಸುಮಾರು ಒಂದು ಗ್ರಾಂ. ಆ ಒಂದು ಗ್ರಾಂ ಇಡೀ ರೇಕಿನ ಸುಮಾರು 3,800 ಟನ್ನಿನ ಪರವಾಗಿ ಸಾಕ್ಷಿ ಹೇಳಬೇಕು. ಸಾಕ್ಷಿಯನ್ನು ಯಾರು ಆರಿಸಿದರು ಎಂಬುದರ ಮೇಲೆ ತೀರ್ಪು ನಿಂತಿದೆ. ಹೊಳೆಯುವ ಹೆಂಟೆ ಸಲಿಕೆಗೆ ಬಂದರೆ ಗಣಿಗೆ ಲಾಭ, ಬೂದುಬಣ್ಣದ ಕಲ್ಲು ಬಂದರೆ ಸ್ಥಾವರಕ್ಕೆ. ಸಲಿಕೆಗೆ ಮಾತ್ರ ಪಕ್ಷಪಾತವಿಲ್ಲವಂತೆ.

ಕಳ್ಳತನವೇ ಇಲ್ಲದೆಯೂ ಗ್ರೇಡ್ ಇಳಿಸುವ ದಾರಿಯಿದೆ. ಗಣಿಯ ದರ್ಜೆ ನಿಗದಿಯಾಗುವುದು 40 ಡಿಗ್ರಿ ಸೆಲ್ಸಿಯಸ್, ಶೇ. 60 ಆರ್ದ್ರತೆಯಲ್ಲಿ ಹದಕ್ಕೆ ಬಂದ ಸ್ಯಾಂಪಲ್ ಮೇಲೆ. ಬಾಯ್ಲರ್ ತಿನ್ನುವುದು ಮಳೆಯಲ್ಲಿ ನೆಂದು ಬಂದದ್ದನ್ನು. ಹದದ ತೇವ ಶೇ. 6, ಶಾಖ 4,150 ಎನ್ನಿ, ಅದು ಜಿ-11. ಇಳಿಸುವಾಗ ಒಟ್ಟು ತೇವ ಶೇ. 14 ಇದ್ದರೆ 4,150ನ್ನು 86ರಿಂದ ಗುಣಿಸಿ 94ರಿಂದ ಭಾಗಿಸಿ: 3,797. ಅಂಕಿ ಜಿ-12ರ ಮೆಟ್ಟಿಲಿಗೆ ಬಂತು! ಒಬ್ಬರು ಒಣ ಲೆಕ್ಕ, ಇನ್ನೊಬ್ಬರು ಹಸಿ ಲೆಕ್ಕ ಹಿಡಿದು ವರ್ಷಗಟ್ಟಲೆ ಪತ್ರ ಬರೆದುಕೊಳ್ಳಬಹುದು. ಇಬ್ಬರದೂ ಸರಿಯೇ.

ತೊಳೆದು ಕಳಿಸಬಾರದೇ ಎಂದು ಕೇಳುವವರಿದ್ದಾರೆ. ಭಾರತ ಗೊಂಡ್ವಾನ ಎಂಬ ಮಹಾಖಂಡದ ಭಾಗವಾಗಿದ್ದ ಕಾಲದ ಸಸ್ಯರಾಶಿ ನೀರಿನಲ್ಲಿ ಕೊಚ್ಚಿಬಂದು ಮರಳು, ಜೇಡಿಯೊಂದಿಗೇ ನೆಲೆಸಿತು ಎನ್ನುತ್ತಾರೆ. ಹಾಗಾಗಿ ಖನಿಜ ಕಲ್ಲಿದ್ದಲಿನ ಕಣಕಣದಲ್ಲಿ ಬೆರೆತಿದೆ. ಒರಟಾಗಿ ಒಡೆದು ತೊಳೆದರೆ ಬಿಡಿ ಕಲ್ಲು ಹೋಗುತ್ತದೆ, ಒಳಗಿನದು ಹೋಗುವುದಿಲ್ಲ. ನುಣ್ಣಗೆ ಅರೆದು ತೊಳೆದರೆ ಕಲ್ಲಿದ್ದಲೂ ನೀರಿನ ಜೊತೆ ಹೊರಡುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆದರೂ ಶೇ. 34ಕ್ಕಿಂತ ಹೆಚ್ಚು ಬೂದಿಯದ್ದನ್ನು ದೂರದ ಸ್ಥಾವರಗಳಿಗೆ ಸಾಗಿಸಬಾರದೆಂದು ನಿಯಮವಿತ್ತು, 2014ರಲ್ಲಿ ಅದನ್ನು ಹಂತಹಂತವಾಗಿ 500 ಕಿ.ಮೀ. ದೂರಕ್ಕೆ ಬಿಗಿಗೊಳಿಸಿದ್ದರು. 2020ರ ಮೇ ತಿಂಗಳಲ್ಲಿ ಸರ್ಕಾರ ಕಲ್ಲಿದ್ದಲಿನ ಬದಲು ನಿಯಮವನ್ನೇ ತೊಳೆದುಹಾಕಿತು. ಈಗ ಶೇ. 40 ಬೂದಿಯ ರೇಕು ಬಂದರೆ 1,500 ಟನ್ ಬೂದಿಗೂ ಸಕಾಲದಲ್ಲಿ ರೈಲು ಬಾಡಿಗೆ ಕಟ್ಟಿ ಬರಮಾಡಿಕೊಳ್ಳಬಹುದು.

ಗುಣಮಟ್ಟದ ಮಾಹಿತಿ ಜನರಿಗೂ ಸಿಗಲೆಂದು 2018ರಲ್ಲಿ ‘ಉತ್ತಮ್’ ಎಂಬ ಆ್ಯಪ್ ಬಂತು. ಕಲ್ಲಿದ್ದಲಿಗಲ್ಲದಿದ್ದರೆ ಆ್ಯಪಿಗಾದರೂ ಆ ಹೆಸರು ದಕ್ಕಿತು. ಜಗಳ ಬಿದ್ದರೆ ತೀರ್ಮಾನಕ್ಕೆಂದು ಸೀಲು ಮಾಡಿಟ್ಟ ರೆಫರಿ ಸ್ಯಾಂಪಲ್ ಇದ್ದೇ ಇದೆ. ಅದು ಬೇರೊಂದು ಲ್ಯಾಬಿಗೆ ಹೋಗಿ ಫಲಿತಾಂಶ ಬಂದು ಬಿಲ್ಲಿನಲ್ಲಿ ಹಣ ಇಳಿಸಿಕೊಟ್ಟ ಕ್ರೆಡಿಟ್ ನೋಟ್ ಕೈಸೇರುವ ಹೊತ್ತಿಗೆ ಮೂಲ ಕಲ್ಲಿದ್ದಲು ಉರಿದು, ಬೂದಿಯಾಗಿ, ಸಿಮೆಂಟ್ ಚೀಲದೊಳಗೆ ಸೇರಿ ಯಾರದೋ ಮನೆಯ ಗೋಡೆಗೆ ಮೆತ್ತಿಕೊಂಡಿರುತ್ತದೆ. ಅಲ್ಲಿಗೆ ಹೋಗಿ ಗ್ರೇಡ್ ಕೇಳುವ ಅಧಿಕಾರ ಯಾರಿಗೂ ಇಲ್ಲ.