ಹೆಬ್ಬೆರಳಿಗೆ ಸುತ್ತಿಗೆಯ ಬೆಲೆ ಗೊತ್ತಿಲ್ಲ

ಮೊಳೆ ಬಗ್ಗಿದಾಗ ಮನುಷ್ಯ ಮೊದಲು ಮೊಳೆಯನ್ನು ಬಯ್ಯುತ್ತಾನೆ. ಎರಡನೆಯದೂ ಬಗ್ಗಿದರೆ ಮರವನ್ನು ಬಯ್ಯುತ್ತಾನೆ. ಮೂರನೆಯದು ಬಗ್ಗುವ ಹೊತ್ತಿಗೆ ನೋಡಲು ಮನೆಮಂದಿಯೆಲ್ಲ ಸೇರಿರುತ್ತಾರೆ. ಆಗ ಸುತ್ತಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಇದೇ ಸರಿಯಿಲ್ಲ, ಒಳ್ಳೇದೊಂದು ತರ್ಬೇಕು' ಎಂದು ಘೋಷಿಸುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದುಬಾರಿ ಸುತ್ತಿಗೆ ಮಾರುವವರು ಈ ಮೂರನೆಯ ಮೊಳೆಗೆ ದಿನಾ ಕೈಮುಗಿಯಬೇಕು.

ಹಾಗೆಂದು ದುಬಾರಿ ಸುತ್ತಿಗೆ ಬರೀ ಬೊಗಳೆಯಲ್ಲ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ತಿಳಿದುಕೊಂಡರೆ, ಅದು ನಮಗೆ ಬೇಕೋ ಬೇಡವೋ ಎಂಬುದು ತಾನಾಗಿ ಗೊತ್ತಾಗುತ್ತದೆ.

ಬೆಲೆಯಲ್ಲಿ ಎಲ್ಲಕ್ಕಿಂತ ಮೇಲೆ ಕೂತಿರುವುದು ಟೈಟಾನಿಯಂ ತಲೆಯದು. ಈ ಲೋಹದ ಸಾಂದ್ರತೆ ಘನ ಸೆಂಟಿಮೀಟರಿಗೆ 4.5 ಗ್ರಾಂ, ಉಕ್ಕಿನದು 7.8ರ ಆಸುಪಾಸು. ತೂಕ ಕಳೆದು ಬೆಲೆ ಕೂಡಿಸಿದ್ದಾರಲ್ಲ ಎನಿಸುವುದು ಸಹಜ. ಆದರೆ ಲೆಕ್ಕ ಬೇರೆಯೇ ಇದೆ. ಏಟಿನ ಶಕ್ತಿ ತಲೆಯ ತೂಕದ ಜೊತೆ ನೇರವಾಗಿ ಏರಿದರೆ, ವೇಗದ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ತೂಕ ಶೇ. 20 ಹೆಚ್ಚಿಸಿದರೆ ಶಕ್ತಿಯೂ ಶೇ. 20 ಹೆಚ್ಚುತ್ತದೆ, ವೇಗ ಶೇ. 20 ಹೆಚ್ಚಿಸಿದರೆ ಶಕ್ತಿ ಶೇ. 44 ಹೆಚ್ಚುತ್ತದೆ. ಹಗುರ ತಲೆಯನ್ನು ಜೋರಾಗಿ ಬೀಸಬಹುದು. ಹಾಗಾಗಿ ಸುಮಾರು 600 ಗ್ರಾಂ ಉಕ್ಕಿನ ತಲೆ ಮಾಡುವ ಕೆಲಸವನ್ನು 400 ಗ್ರಾಂ ಟೈಟಾನಿಯಂ ತಲೆ ಮಾಡಿ ಮುಗಿಸುತ್ತದೆ, ಏಟಿನ ಅದುರು ಕೈಗೆ ಬರುವುದೂ ಕಡಿಮೆ.

ಈ ಉಳಿತಾಯವೆಲ್ಲ ಸೇರುವುದು ಮೊಣಕೈಗೆ. ತಲೆಯ ಮೇಲೆ ಕೈಯೆತ್ತಿ ದಿನಕ್ಕೆ ನೂರಾರು ಮೊಳೆ ಹೊಡೆಯುವ ಬಡಗಿಗೆ ಒಂದೊಂದು ಏಟಿನಲ್ಲಿ 200 ಗ್ರಾಂ ಕಡಿಮೆ ಎತ್ತುವುದೆಂದರೆ ಸಂಜೆ ಹೊತ್ತಿಗೆ ದೊಡ್ಡ ಮಾತು. ಅವರು ಎಷ್ಟು ಕೊಟ್ಟು ಕೊಂಡರೂ ನ್ಯಾಯವೇ. ವರ್ಷಕ್ಕೆ ನಾಲ್ಕು ಮೊಳೆ ಹೊಡೆದು, ಅದರಲ್ಲಿ ಮೂರನ್ನು ಕಿತ್ತು ತೆಗೆಯುವವರ ಮೊಣಕೈಗೆ ಅಂಥ ಕಷ್ಟವೇನಿದೆ? ಇನ್ನೊಂದು ತಮಾಷೆ ಕೇಳಿ. ಟೈಟಾನಿಯಂ ಹದಗೊಳಿಸಿದ ಉಕ್ಕಿನಷ್ಟು ಗಟ್ಟಿಯಲ್ಲ, ಮೊಳೆಗೆ ಹೊಡೆದು ಹೊಡೆದು ಸವೆಯುತ್ತದೆ. ಅದಕ್ಕೇ ಇಂಥ ಹಲವು ಸುತ್ತಿಗೆಗಳ ಮುಖಕ್ಕೆ ಬದಲಾಯಿಸಬಲ್ಲ ಉಕ್ಕಿನ ಬಿಲ್ಲೆ ಕೂರಿಸಿರುತ್ತಾರೆ. ಅಷ್ಟೆಲ್ಲ ಖರ್ಚು ಮಾಡಿ ಕೊಂಡವರೂ ಕೊನೆಗೆ ಮೊಳೆಗೆ ಹೊಡೆಯುವುದು ಉಕ್ಕಿನಲ್ಲೇ.

ಮುಖದ ತುಂಬ ಚೌಕಳಿ ಹಲ್ಲುಗಳಿರುವ ಸುತ್ತಿಗೆಯೂ ದುಬಾರಿ ಸಾಲಿನಲ್ಲಿ ಸಿಗುತ್ತದೆ. ಏಟು ಜಾರದಿರಲಿ ಎಂದು ಆ ಹಲ್ಲು. ಆಮೇಲೆ ಹಲಗೆ ಹೊದಿಸಿ ಮುಚ್ಚಿಬಿಡುವ ಕಟ್ಟು ಚೌಕಟ್ಟಿನ ಕೆಲಸಕ್ಕೆ ಅದು ಸರಿ. ಪಾಲಿಶ್ ಮಾಡಿದ ಕಪಾಟಿನ ಮೇಲೆ ಒಂದೇ ಏಟು ತಪ್ಪಿದರೂ ಅಚ್ಚು ಒತ್ತಿದ ಹಾಗೆ ಗುರುತು ಬೀಳುತ್ತದೆ. ಅದೇ ಅಚ್ಚು ಬೆರಳಿನ ಮೇಲೂ ಅಷ್ಟೇ ಚೆನ್ನಾಗಿ ಮೂಡುತ್ತದೆ.

ತಲೆ, ಹಿಡಿ ಎಲ್ಲ ಒಂದೇ ಉಕ್ಕಿನಲ್ಲಿ ಕುಟ್ಟಿ ಮಾಡಿದ ಸುತ್ತಿಗೆಯ ಮಾತು ಬೇರೆ. ಅಮೆರಿಕದ ರಾಕ್‌ಫರ್ಡ್‌ನಲ್ಲಿ 1923ರಲ್ಲಿ ಶುರುವಾದ ಎಸ್ಟ್ವಿಂಗ್ ಕಂಪನಿ ಇಂಥವಕ್ಕೆ ಹೆಸರುವಾಸಿ. ಇದರ ದೊಡ್ಡ ಗುಣ, ತಲೆ ಎಂದೂ ಸಡಿಲವಾಗುವುದಿಲ್ಲ. ಸಡಿಲವಾಗಲು ಜೋಡಣೆಯೇ ಇಲ್ಲವಲ್ಲ! ಏಟಿನ ಅದುರು ಮಾತ್ರ ಮರದ ಕಾವಿಗಿಂತ, ಅಂದರೆ ಮರದ ಹಿಡಿಗಿಂತ, ಹೆಚ್ಚಾಗಿ ಕೈಗೆ ಬರುತ್ತದೆ, ಅದನ್ನು ತಡೆಯುವ ಹೊಣೆ ಹಿಡಿಯ ಮೇಲಿನ ಮೆತ್ತೆಯದು. ಇದರ ಅಗ್ಗದ ನಕಲು ಅಪಾಯದ್ದು. ಕೊಳವೆಯಂಥ ಹಿಡಿಗೆ ರಬ್ಬರ್ ತೊಡಿಸಿರುತ್ತಾರೆ, ಬೆವರಿದ ಕೈಯಲ್ಲಿ ಜೋರಾಗಿ ಬೀಸಿದರೆ ರಬ್ಬರ್ ಮುಷ್ಟಿಯಲ್ಲೇ ಉಳಿದು ಸುತ್ತಿಗೆ ತನ್ನ ಪಾಡಿಗೆ ತಾನು ಹೊರಟುಬಿಡುತ್ತದೆ. ಕೊಳ್ಳುವ ಮುಂಚೆ ರಬ್ಬರನ್ನು ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಒಂದು ಕೂದಲೆಳೆಯಷ್ಟು ಜರುಗಿದರೂ ಬೇಡ.

ಹಾಗಾದರೆ ಸಾಧಾರಣ ಸುತ್ತಿಗೆ ಸಾಕೇ? ಮನೆಗೆ 450 ಗ್ರಾಂ ತಲೆಯ, 33 ಸೆಂಟಿಮೀಟರ್ ಆಸುಪಾಸಿನ, ಮೊಳೆ ಕೀಳುವ ಕೊಂಬಿರುವ ಸಾಧಾರಣ ಸುತ್ತಿಗೆ ಧಾರಾಳ ಸಾಕು. ನ್ಯೂಯಾರ್ಕ್ ರಾಜ್ಯದ ನಾರ್ವಿಚ್‌ನಲ್ಲಿ ಡೇವಿಡ್ ಮೇಡೋಲ್ ಎಂಬ ಕಮ್ಮಾರ 1840ರ ದಶಕದಲ್ಲಿ ತಲೆಯ ತೂತನ್ನು ಕೆಳಕ್ಕೆ ಕತ್ತಿನ ಹಾಗೆ ಉದ್ದ ಮಾಡಿ, ಕಾವು ಆಳವಾಗಿ ಕೂರುವಂತೆ ಮಾಡಿದ. ಆ ಕಾಲದ 'ಪ್ರೀಮಿಯಂ' ಅದು. ಇವತ್ತು ಸಾಧಾರಣ ಸುತ್ತಿಗೆಯಲ್ಲೂ ಆ ಕತ್ತು ಬಿಟ್ಟಿಯಾಗಿ ಬರುತ್ತದೆ.

ಆದರೆ ಸಾಧಾರಣ ಬೇರೆ, ಕಳಪೆ ಬೇರೆ. ಎರಕ ಹೊಯ್ದ ಬೀಡಿನ ತಲೆಯನ್ನು ಮುಟ್ಟಲೇಬೇಡಿ. ಬೀಡು ಪೆಟ್ಟಿಗೆ ಬಗ್ಗುವುದಿಲ್ಲ, ಚೂರಾಗುತ್ತದೆ. ಚೂರಿಗೆ ಕಣ್ಣು ಎಲ್ಲಿದೆ ಎಂದು ಹೇಗೋ ಗೊತ್ತಿರುತ್ತದೆ. ಕೆಂಪಗೆ ಕಾಯಿಸಿ ಕುಟ್ಟಿದ ಉಕ್ಕಿನ ತಲೆಯೇ ಆಗಬೇಕು, ಮುಖದ ಅಂಚು ಸುತ್ತಲೂ ಇಳಿಜಾರಾಗಿ ಸವರಿರಬೇಕು. ಒಳ್ಳೆಯ ಸುತ್ತಿಗೆಯಿಂದಲೂ ಇನ್ನೊಂದು ಸುತ್ತಿಗೆಗೆ ಹೊಡೆಯಬಾರದು. ಎರಡೂ ಮುಖ ಹದ ಕೊಟ್ಟು ಗಟ್ಟಿ ಮಾಡಿದವು, ಯಾವುದಾದರೂ ಒಂದು ಸಿಡಿಯಬಹುದು. ಮರದ ಕಾವಾದರೆ ತುದಿ ನೋಡಿ. ಅಲ್ಲಿ ಕಾಣುವ ಎಳೆಗೆರೆಗಳು ಸುತ್ತಿಗೆಯ ಮುಖದಿಂದ ಕೊಂಬಿನ ಕಡೆಗೆ ಓಡಬೇಕು, ಅಡ್ಡ ಓಡಿದ್ದರೆ ಕಾವು ಬೇಗ ಮುರಿಯುತ್ತದೆ. ಕೊಂಬಿನ ಸಂದಿಗೆ ಒಂದು ಸಣ್ಣ ಮೊಳೆ ಜಾರಿಸಿ. ಬಿಗಿಯಾಗಿ ಕಚ್ಚಿಕೊಂಡರೆ ಸರಿ. ಕೆಲವು ಕೊಂಬುಗಳು ದಪ್ಪ ಮೊಳೆಯನ್ನಷ್ಟೇ ಗೌರವಿಸುತ್ತವೆ, ಸಣ್ಣವನ್ನು ಕ್ಯಾರೇ ಅನ್ನುವುದಿಲ್ಲ.

ಇನ್ನು ಬಗ್ಗಿದ ಮೂರು ಮೊಳೆಗಳ ವಿಚಾರಣೆ. ಮುಖ್ಯ ಆರೋಪಿ ಸಾಮಾನ್ಯವಾಗಿ ಸುತ್ತಿಗೆಯ ಮುಖದ ಮೇಲಿನ ಕೊಳೆ. ತುಕ್ಕು, ಒಣಗಿದ ಅಂಟು, ಎಣ್ಣೆ ಜಿಡ್ಡು ಕೂತಿದ್ದರೆ ಏಟು ಮೊಳೆಯ ತಲೆಯಿಂದ ಜಾರುತ್ತದೆ, ಮೊಳೆ ಪಕ್ಕಕ್ಕೆ ವಾಲುತ್ತದೆ. 120 ನಂಬರಿನ ಸ್ಯಾಂಡ್‌ಪೇಪರನ್ನು ಮಟ್ಟಸ ಹಲಗೆಯ ಮೇಲಿಟ್ಟು ಮುಖವನ್ನು ಹತ್ತು ಸಲ ಉಜ್ಜಿ. ಅರ್ಧ ಕಾಯಿಲೆ ಅಲ್ಲೇ ವಾಸಿ. ಉಳಿದರ್ಧ ಹಿಡಿತದ್ದು. ಹೆದರಿಕೆಯಿಂದ ಸುತ್ತಿಗೆಯ ಕುತ್ತಿಗೆ ಹಿಡಿದು ಟಕಟಕ ಕುಟ್ಟುವುದು ಎಲ್ಲರ ಅಭ್ಯಾಸ. ಅಕ್ಕಸಾಲಿಗನ ನೂರು ಪೆಟ್ಟು, ಕಮ್ಮಾರನ ಒಂದು ಪೆಟ್ಟು ಎಂಬ ಗಾದೆಯಲ್ಲಿ ನಾವು ನಿಂತಿರುವುದು ಎರಡೂ ಕಡೆಯಲ್ಲ, ನಡುವೆ. ಮೊಳೆ ನಿಲ್ಲುವವರೆಗೆ ಎರಡು ಮೆಲ್ಲನೆಯ ಏಟು, ಆಮೇಲೆ ಬೆರಳು ತೆಗೆದು, ಕಾವಿನ ತುದಿಯ ಹತ್ತಿರ ಹಿಡಿದು ಮೊಣಕೈಯಿಂದ ಬೀಸಬೇಕು. ಏಟು ಬೀಳುವ ಕ್ಷಣದಲ್ಲಿ ಕಾವು ಹಲಗೆಗೆ ಸಮಾನಾಂತರವಾಗಿದ್ದರೆ ಮುಖ ಮೊಳೆಯ ಮೇಲೆ ಚಪ್ಪಟೆಯಾಗಿ ಕೂರುತ್ತದೆ.

ಬಗ್ಗಿದ್ದನ್ನು ಕೀಳುವಾಗ ಕೊಂಬು ಸಿಕ್ಕಿಸಿ ಒಂದೇ ದಮ್ಮಿಗೆ ಎಳೆಯುತ್ತಾರೆ. ಮೊಳೆ ಅರ್ಧ ಮೇಲೆ ಬಂದು ನಿಂತುಬಿಡುತ್ತದೆ. ಅದು ಏರಿದಂತೆ ಸನ್ನೆಯ ಬಲ ಇಳಿಯುತ್ತದೆ, ಹಲಗೆಯಲ್ಲಿ ಸುತ್ತಿಗೆಯ ತಲೆ ಒತ್ತಿದ ಗುಳಿಯೂ ಬೀಳುತ್ತದೆ. ಅಲ್ಲಿಗೆ ನಿಲ್ಲಿಸಿ, ತಲೆಯ ಕೆಳಗೆ ಎರಡು ಮೂರು ಸೆಂಟಿಮೀಟರ್ ದಪ್ಪದ ಮರದ ತುಂಡು ಇಟ್ಟು ಎಳೆಯಿರಿ. ಮೊಳೆ ಸದ್ದಿಲ್ಲದೆ, ನೆಟ್ಟಗೆ ಬರುತ್ತದೆ.

ತಲೆ ಅಲ್ಲಾಡತೊಡಗಿದರೆ ಸುತ್ತಿಗೆಯನ್ನು ರಾತ್ರಿಯಿಡೀ ನೀರಿನ ಬಕೆಟ್ಟಿನಲ್ಲಿ ಮುಳುಗಿಸುವ ಪದ್ಧತಿ ಎಲ್ಲೆಲ್ಲೂ ಇದೆ. ಬೆಳಿಗ್ಗೆ ಬಿಗಿಯಾಗಿರುತ್ತದೆ, ನಿಜ. ಆದರೆ ಉಬ್ಬಿದ ಮರಕ್ಕೆ ಕಬ್ಬಿಣ ಜಾಗ ಬಿಡುವುದಿಲ್ಲ. ಎಳೆಗಳು ಒಳಗೇ ನಜ್ಜಾಗಿ, ಒಣಗಿದ ಮೇಲೆ ಕಾವು ಮೊದಲಿಗಿಂತ ಸಣ್ಣಗಾಗುತ್ತದೆ. ಸರಿಯಾದ ದಾರಿ ಹೀಗೆ: ಸುತ್ತಿಗೆಯನ್ನು ತಲೆಕೆಳಗಾಗಿ ಗಾಳಿಯಲ್ಲಿ ತೂಗುಬಿಟ್ಟು ಹಿಡಿದು, ಮೇಲೆ ಬಂದ ಕಾವಿನ ತುದಿಗೆ ಕೊಡತಿಯಿಂದ ನಾಲ್ಕು ಬಿಗಿಯಾದ ಏಟು ಕೊಡಿ. ತಲೆ ಕೆಳಗಿದ್ದಲ್ಲೇ ನಿಲ್ಲುತ್ತದೆ, ಕಾವು ಅದರೊಳಕ್ಕೆ ಇಳಿಯುತ್ತದೆ. ಕೆಳಗೆ ಆಧಾರವಿರಬಾರದು ಎಂಬುದೇ ಇದರ ಗುಟ್ಟು. ಆಮೇಲೆ ತಲೆ ಮೇಲಾಗಿ ನಿಲ್ಲಿಸಿ, ತಲೆಯ ತೂತಿನಲ್ಲಿ ಕಾವಿಗೆ ಹೊಡೆದಿರುವ ಕಬ್ಬಿಣದ ಬೆಣೆಯನ್ನು ಇನ್ನಷ್ಟು ಇಳಿಸಿ, ಹೊರಬಂದ ಮರವನ್ನು ಗರಗಸದಿಂದ ಕೊಯ್ದು, ಅಲ್ಲಿಗೆ ಅಗಸೆ ಎಣ್ಣೆ ಕುಡಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ.

ಕೊನೆಗೆ ಹೆಬ್ಬೆರಳು. ಇದನ್ನು ಉಳಿಸುವ ಸುತ್ತಿಗೆ ಇನ್ನೂ ಬಂದಿಲ್ಲ. ಮೊಳೆಯನ್ನು ಬುಡದಲ್ಲಿ ಹಿಡಿದರೆ ತಪ್ಪಿದ ಏಟಿಗೂ ಹಲಗೆಗೂ ನಡುವೆ ಬೆರಳು ಸಿಕ್ಕಿ ಅಪ್ಪಚ್ಚಿಯಾಗುತ್ತದೆ. ತಲೆಯ ಹತ್ತಿರ ಹಿಡಿದರೆ ಬೆರಳಿಗೆ ಜರುಗಲು ಜಾಗವಾದರೂ ಇರುತ್ತದೆ. ಮೊಳೆ ತೀರಾ ಸಣ್ಣದಾದರೆ ಬಾಚಣಿಗೆಯ ಹಲ್ಲುಗಳ ನಡುವೆ ಸಿಕ್ಕಿಸಿ, ಬಾಚಣಿಗೆ ಹಿಡಿದು ಹೊಡೆಯಿರಿ. ಮರುದಿನ ಬಾಚಣಿಗೆಯ ಎರಡು ಹಲ್ಲು ಏನಾಯಿತೆಂದು ಮನೆಯವರು ಕೇಳಿದರೆ, ಸುತ್ತಿಗೆಯನ್ನು ಬಯ್ಯಬಹುದು.