ಇದು ತೇಲುತ್ತದೆಯೇ?

ನನ್ನ ಮೇಜಿನ ಮೇಲಿನ ಮಾದರಿ ಹಡಗನ್ನು ನೋಡಿದವರು ಮೊದಲು ಕೇಳುವುದು ಅದರ ಹೆಸರನ್ನಲ್ಲ, ದೇಶವನ್ನಲ್ಲ, ಕಾಲವನ್ನೂ ಅಲ್ಲ. ಮೊನ್ನೆ ಮನೆಗೆ ಬಂದಿದ್ದ ನನ್ನ ಷಡ್ಡಕರು ಕಾಫಿಯ ಲೋಟವನ್ನು ಬಣ್ಣ ಆರದ ಚಿಮಣಿಗೆ ತಾಗುವಂತೆ ಇಟ್ಟು, “ಎಲ್ಲ ಚೆನ್ನಾಗಿದೆ, ಆದರೆ ಇದು ನೀರಿನಲ್ಲಿ ತೇಲುತ್ತದೇನ್ರೀ?” ಎಂದು ಕೇಳಿದರು. ಗೋಡೆಯ ಮೇಲೆ ತೂಗುಹಾಕಿದ ಕುದುರೆಯ ಚಿತ್ರ ನೋಡಿ ಅದು ಹುರುಳಿ ತಿನ್ನುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಪ್ಲಾಸ್ಟಿಕ್ಕಿನ ಹಡಗಿಗೆ ಮಾತ್ರ ಈ ಪರೀಕ್ಷೆ ತಪ್ಪಿದ್ದಲ್ಲ. ಅಷ್ಟಕ್ಕೇ ಬಿಡದೆ, ಇಂಥ ಹಡಗು ಭೂಮಿಯ ಮೇಲೆ ಎಂದೂ ಇರಲಿಲ್ಲವೆಂದು ನನ್ನಿಂದಲೇ ತಿಳಿದುಕೊಂಡ ಮೇಲೆ, “ಇಲ್ಲದ ಹಡಗನ್ನೇಕೆ ಕಟ್ಟುತ್ತೀರಿ, ಇರುವವು ಸಾಲದೇ?” ಎಂದೂ ಕೇಳಿದರು. ಈ ಎರಡನೆಯ ಪ್ರಶ್ನೆಗೆ ನನ್ನ ಬಳಿ ತಕ್ಕ ಉತ್ತರವಿದೆ. ಅದನ್ನು ಮುಂದೆ ಹೇಳುವವನಿದ್ದೇನೆ.

ಮೇಜಿನ ಮೇಲಿರುವುದು ಐಎನ್‌ಎಸ್ ಮೈಸೂರು. ಬ್ರಿಟಿಷ್ ನೌಕಾಪಡೆಯಲ್ಲಿ ಎಚ್‌ಎಂಎಸ್ ನೈಜೀರಿಯಾ ಎಂಬ ಹೆಸರಿನಲ್ಲಿದ್ದು, 1942ರಲ್ಲಿ ಮಾಲ್ಟಾಕ್ಕೆ ಸಾಮಗ್ರಿ ಒಯ್ಯುತ್ತಿದ್ದ ಹಡಗುಗಳ ಕಾವಲಿಗೆ ಹೋಗಿ, ಇಟಲಿಯ ಜಲಾಂತರ್ಗಾಮಿಯ ಟಾರ್ಪೆಡೊ ಏಟು ತಿಂದೂ ಬದುಕಿ, 1957ರಲ್ಲಿ ಭಾರತದ ನೌಕಾಪಡೆಯನ್ನು ಸೇರಿ, 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿ, 1985ರಲ್ಲಿ ಸೇವೆಯಿಂದ ನಿವೃತ್ತವಾದ, ಕ್ರೂಸರ್ ಎಂಬ ಬಗೆಯ ಯುದ್ಧನೌಕೆ ಅದು. ಆದರೆ ನನ್ನ ಮೈಸೂರಿನ ಹಿಂಬದಿಯಲ್ಲಿ ಫಿರಂಗಿಗಳಿಲ್ಲ. ಅಲ್ಲಿ ಸೀ ಕಿಂಗ್ ಹೆಲಿಕಾಪ್ಟರುಗಳು ತಂಗಲು ಒಂದು ಹ್ಯಾಂಗರ್, ಅದರ ಹಿಂದೆ ಅವು ಇಳಿಯಲು ಬಯಲು ಡೆಕ್ ಇವೆ. ಇದು ಬರಿಯ ಹುಚ್ಚಲ್ಲ. ಬ್ರಿಟಿಷರೇ ಬ್ಲೇಕ್ ಮತ್ತು ಟೈಗರ್ ಎಂಬ ಕ್ರೂಸರುಗಳ ಹಿಂದಿನ ಟರೆಟ್ (ಫಿರಂಗಿಗಳನ್ನು ಹೊತ್ತು ತಿರುಗುವ ಗೋಪುರ) ಕಿತ್ತು, ಆ ಜಾಗದಲ್ಲಿ ನೋಡಲು ಅತ್ಯಂತ ಕುರೂಪವಾದ ಹ್ಯಾಂಗರುಗಳನ್ನು ಕಟ್ಟಿ, 1969 ಮತ್ತು 1972ರಲ್ಲಿ ಅವನ್ನು ಮತ್ತೆ ಸೇವೆಗೆ ಇಳಿಸಿದರು. ಪೆರು ದೇಶವಂತೂ 1976ರಲ್ಲಿ ಡಚ್ಚರಿಂದ ಹಳೆಯ ಕ್ರೂಸರೊಂದನ್ನು ಕೊಂಡು, ಅದರ ಹಿಂಬದಿಯ ಕ್ಷಿಪಣಿ ವ್ಯವಸ್ಥೆಯನ್ನು ತೆಗೆಸಿ, ಸೀ ಕಿಂಗ್‌ಗಳಿಗೆಂದೇ ಹ್ಯಾಂಗರ್ ಮಾಡಿಸಿತು. ಭಾರತಕ್ಕೆ ಸೀ ಕಿಂಗ್‌ಗಳು ಬಂದದ್ದು 1971ರಲ್ಲಿ. ಪೆರುವಿನವರಿಗೆ ಹೊಳೆದದ್ದು ಮುಂಬಯಿಯಲ್ಲಿಯೂ ಯಾರಿಗಾದರೂ ಹೊಳೆದಿದ್ದರೆ ಎಂಬಷ್ಟೇ ನನ್ನ ಊಹೆ. ಅದಕ್ಕಿಂತ ಒಂದು ಮೊಳೆಯನ್ನೂ ನಾನು ಹೆಚ್ಚಿಗೆ ಹೊಡೆದಿಲ್ಲ.

ಮೈಸೂರಿಗೆ ನಾನು ಆರಿಸಿಕೊಂಡದ್ದು ಮಾದರಿ ತಯಾರಿಸುವ ಏರ್‌ಫಿಕ್ಸ್ ಕಂಪನಿಯವರ ಹಳೆಯ ಬೆಲ್‌ಫಾಸ್ಟ್ ಕಿಟ್; ಬೆಲ್‌ಫಾಸ್ಟ್ ಇನ್ನೊಂದು ಬ್ರಿಟಿಷ್ ಕ್ರೂಸರ್, ಕಿಟ್ಟಿನ ಅಳತೆ ಅದರ ಆರುನೂರರಲ್ಲಿ ಒಂದು ಪಾಲು (1:600). ಬೆಲ್‌ಫಾಸ್ಟ್‌ನ ಉದ್ದ 187 ಮೀಟರ್, ನೈಜೀರಿಯಾದ್ದು 169. ಎಂದರೆ ಕಿಟ್ಟಿನ ಒಡಲಿನಿಂದ ಸರಿಯಾಗಿ ಮೂರು ಸೆಂಟಿಮೀಟರ್ ಕತ್ತರಿಸಿ ತೆಗೆಯಬೇಕು. ಬೆಲ್‌ಫಾಸ್ಟ್‌ನ ಎಂಜಿನ್‌ಗಳು ಹಿಂದಕ್ಕೆ ಸರಿದಿರುವುದರಿಂದ ಹಡಗನ್ನು ನಡೆಸುವವರು ನಿಲ್ಲುವ ಬ್ರಿಜ್ಜಿಗೂ ಮೊದಲನೆಯ ಚಿಮಣಿಗೂ ನಡುವೆ ಒಂದು ವಿಚಿತ್ರವಾದ ಖಾಲಿ ಜಾಗವಿದೆ. ಗರಗಸ ಇಡಬೇಕಾದದ್ದು ಅಲ್ಲಿಯೇ. ಕೂದಲೆಳೆಯಷ್ಟು ತೆಳ್ಳಗಿನ ಹಲ್ಲುಗಳ ಆ ಗರಗಸವನ್ನು ಒತ್ತದೆ, ಅದರ ತೂಕಕ್ಕೇ ಬಿಟ್ಟು, ಹಿಂದಕ್ಕೆ ಎಳೆಯುವಾಗ ಮಾತ್ರ ಕೊಯ್ಯಬೇಕು. ಒತ್ತಿದರೆ ಪ್ಲಾಸ್ಟಿಕ್ ಬಿಸಿಯಾಗಿ ಕರಗಿ, ಕೊಯ್ದ ಗೆರೆ ಹಿಂದೆಯೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಎರಡು ತುಂಡುಗಳನ್ನೂ ಗಾಜಿನ ಹಲಗೆಯ ಮೇಲೆ ಹಾಸಿದ ಎಮರಿ ಪೇಪರಿಗೆ ಉಜ್ಜಿ, ಅಂಟು ಸವರಿ ಜೋಡಿಸಿ, ಸಂದಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಮತ್ತೆ ಉಜ್ಜಬೇಕು. ಬಣ್ಣ ಹೊಡೆದಾಗ ಆ ಸಂದಿ ಕಾಣದಿದ್ದರೆ ಅದೇ ಹಬ್ಬ.

ತೇಲುವ ವಿಚಾರ ಬಂದಾಗಲೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು ಕೌಪರ್ ಕೋಲ್ಸ್ ಅವರ ಹತ್ತಿರ. ಅವರು ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ನೌಕಾಧಿಕಾರಿ, ಸುತ್ತ ತಿರುಗುವ ಟರೆಟ್ಟಿನ ಗೀಳು ಹಿಡಿದವರು. ನಾವು ಕಿಟ್ಟಿಗೆ ಮಾಡುವುದನ್ನು ಅವರು ನಿಜವಾದ ಹಡಗಿಗೇ ಮಾಡಿಸಿದರು: ನೂರಕ್ಕೂ ಹೆಚ್ಚು ಫಿರಂಗಿಗಳಿಗಾಗಿ ಕಟ್ಟಿದ್ದ ರಾಯಲ್ ಸಾವರಿನ್ ಎಂಬ ಮರದ ಹಡಗಿನ ಮೇಲಿನ ಅಂತಸ್ತುಗಳನ್ನು ಕೊಯ್ಸಿಹಾಕಿ, ಉಳಿದ ಒಡಲಿನ ಮೇಲೆ ನಾಲ್ಕು ಟರೆಟ್‌ಗಳನ್ನು ಕೂರಿಸಿದ್ದು 1864ರಲ್ಲಿ ಸಿದ್ಧವಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ಅವರಿಗೆ ಸಾಗರ ದಾಟುವ, ಪೂರ್ತಿ ಹಾಯಿಗಳಿರುವ, ಆದರೂ ನೀರಿನ ಮಟ್ಟಕ್ಕೆ ತೀರ ತಗ್ಗಾಗಿರುವ ಟರೆಟ್ ಹಡಗೇ ಬೇಕಾಗಿತ್ತು. ನೌಕಾಪಡೆಯ ಮುಖ್ಯ ವಿನ್ಯಾಸಕ ಎಡ್ವರ್ಡ್ ರೀಡ್ ಅವರು ಎತ್ತರದ ಬದಿಗಳುಳ್ಳ ಮಾನರ್ಕ್ ಎಂಬ ಹಡಗನ್ನು ರೂಪಿಸಿದರೆ, ಕೋಲ್ಸ್ ಅದನ್ನು ಹಳಿಯುತ್ತ ಪತ್ರಿಕೆಗಳಿಗೂ ಪಾರ್ಲಿಮೆಂಟಿನವರಿಗೂ ದೂರು ಒಯ್ದು, ಕೊನೆಗೆ ತಮ್ಮ ಇಚ್ಛೆಯ ಹಡಗನ್ನು ಖಾಸಗಿ ಕಾರ್ಖಾನೆಯಲ್ಲಿ ಕಟ್ಟಿಸುವ ಅಪ್ಪಣೆ ಪಡೆದೇ ಬಿಟ್ಟರು. ಅದಕ್ಕೆ ಕ್ಯಾಪ್ಟನ್ ಎಂದು ಹೆಸರು. ಕಟ್ಟುವಾಗ ತೂಕದ ಮೇಲೆ ಯಾರ ನಿಗಾವೂ ಇರಲಿಲ್ಲ. ನೀರಿನಿಂದ ಎಂಟು ಅಡಿ ಮೇಲಿರಬೇಕಾಗಿದ್ದ ಡೆಕ್, ಹಡಗು ಸಿದ್ಧವಾಗುವಾಗ ಆರೂವರೆ ಅಡಿಯ ಆಸುಪಾಸಿನಲ್ಲಿ ನಿಂತಿತ್ತು. ಅದರ ಮೇಲೆ ಮುಗಿಲು ಮುಟ್ಟುವ ಹಾಯಿಕಂಬಗಳು. ಮಾನರ್ಕ್ ನಲವತ್ತು ಡಿಗ್ರಿ ವಾಲುವವರೆಗೂ ನೆಟ್ಟಗಾಗುವ ಬಲವನ್ನು ಹೆಚ್ಚಿಸಿಕೊಳ್ಳುತ್ತಲೇ ಇದ್ದರೆ, ಕ್ಯಾಪ್ಟನ್‌ನ ಬಲ ಇಪ್ಪತ್ತೊಂದರಲ್ಲಿಯೇ ಇಳಿಮುಖವಾಗುತ್ತಿತ್ತು. 1870ರ ಸೆಪ್ಟೆಂಬರ್ 7ರ ನಸುಕಿಗೆ ಮೊದಲು ಸ್ಪೇನಿನ ಫಿನಿಸ್ಟೆರೆ ಭೂಶಿರದ ಬಳಿ ಬಿರುಗಾಳಿ ಬೀಸಿ ಹಡಗು ಮಗುಚಿತು. ಒಳಗಿದ್ದ ಸುಮಾರು 500 ಜನರಲ್ಲಿ ಉಳಿದವರು ಕೆಲವೇ ಮಂದಿ. ಸತ್ತವರಲ್ಲಿ ನೌಕಾ ಇಲಾಖೆಯ ಮಂತ್ರಿಯ ಮಗನಿದ್ದ; ಕೋಲ್ಸ್ ಅವರೂ ಇದ್ದರು. ಅದೇ ರಾತ್ರಿ, ಅದೇ ಗಾಳಿಯಲ್ಲಿ, ಅದೇ ದಂಡಿನಲ್ಲಿದ್ದ ಮಾನರ್ಕ್‌ಗೆ ಏನೂ ಆಗಲಿಲ್ಲ. ವಿಚಾರಣೆ ನಡೆಸಿದ ನ್ಯಾಯಾಲಯ, ಬಲ್ಲವರ ಅಭಿಪ್ರಾಯಕ್ಕೆ ವಿರುದ್ಧವಾಗಿ ಜನಾಭಿಪ್ರಾಯಕ್ಕೆ ಮಣಿದು ಕಟ್ಟಿದ ಹಡಗಿದು ಎಂದು ಬರೆದಿಟ್ಟಿತು. ಷಡ್ಡಕರಿಗೆ ಇಷ್ಟನ್ನೂ ವಿವರವಾಗಿ ಹೇಳಿದೆ. ಅವರು ಸೌಜನ್ಯಕ್ಕೆ ತಲೆಯಾಡಿಸಿ, ಕಾಫಿ ಮುಗಿಸಿ, ಒಳಗೆ ಹೋಗಿ ಕ್ರಿಕೆಟ್ ನೋಡತೊಡಗಿದರು.

ಅವರನ್ನಾದರೂ ಕ್ಷಮಿಸಬಹುದು. ಇದೇ ಹವ್ಯಾಸದ ನನ್ನ ಗೆಳೆಯರೊಬ್ಬರಿದ್ದಾರೆ. ಅವರನ್ನು ಕ್ಷಮಿಸುವುದು ಸುಲಭವಲ್ಲ. ಖಾಲಿ ಜಾಗ ಕಂಡಲ್ಲೆಲ್ಲ ಟರೆಟ್ ಅಂಟಿಸುವುದೇ ಕಲ್ಪನೆಯೆಂದು ಅವರು ನಂಬಿದ್ದಾರೆ. ಅವರ ಹಡಗಿನ ಮೂರನೆಯ ಸಾಲಿನ ಫಿರಂಗಿ ಒಮ್ಮೆ ಹಾರಿದರೆ ಮೊದಲು ಬೀಳುವುದು ಅವರದೇ ಬ್ರಿಜ್. ಒಂದೊಂದು ಟರೆಟ್ಟೂ ನೂರು ಟನ್ನಿಗೆ ಮಿಕ್ಕಿದ ತೂಕದ್ದು, ಅದರ ಕೆಳಗೆ ಹಡಗಿನ ತಳದವರೆಗೂ ಮದ್ದುಗುಂಡಿನ ಕೋಣೆ ಇರಬೇಕು, ಅದಕ್ಕೆ ಜಾಗವೆಲ್ಲಿ ಸ್ವಾಮಿ ಎಂದು ಕೇಳಿದರೆ, “ಹೇಗೂ ಕಲ್ಪನೆಯ ಹಡಗಲ್ಲವೇ?” ಎನ್ನುತ್ತಾರೆ. ಈ ಮಾತನ್ನು ಕೇಳಿದಾಗಲೆಲ್ಲ ನನ್ನ ರಕ್ತದೊತ್ತಡ ಏರುತ್ತದೆ. ಷಡ್ಡಕರ ಎರಡನೆಯ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲಿಯೇ ಇದೆ: ಇದ್ದ ಹಡಗನ್ನು ಕಟ್ಟುವವನಿಗೆ ಛಾಯಾಚಿತ್ರ ಸಾಕು. ಇಲ್ಲದ ಹಡಗನ್ನು ಕಟ್ಟುವವನಿಗೆ ಅದರ ಸಿಬ್ಬಂದಿ ಎಲ್ಲಿ ಮಲಗುತ್ತಾರೆ ಎಂಬುದೂ ಗೊತ್ತಿರಬೇಕು. ನನ್ನ ಹ್ಯಾಂಗರಿನ ಎತ್ತರವನ್ನು ನಾನು ಗೊಣಗುತ್ತಲೇ ಎರಡು ಮಿಲಿಮೀಟರ್ ಇಳಿಸಿದ್ದು ಈ ಕಾರಣಕ್ಕೆ. ಟೈಗರ್‌ನ ಹ್ಯಾಂಗರ್ ನನಗೆ ಚೆಂದ ಕಾಣುವುದಿಲ್ಲವೆಂಬುದಕ್ಕೂ ಹೌದು.

ಈಗ ಉಳಿದಿರುವುದು ಹೆಲಿಕಾಪ್ಟರುಗಳ ರೆಕ್ಕೆ ಮತ್ತು ಆಂಟೆನಾದ ತಂತಿಗಳ ಕೆಲಸ. ಕಿಟ್ಟಿನ ಬಿಡಿಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಕಡ್ಡಿಯನ್ನು ಮೋಂಬತ್ತಿಯ ಮೇಲೆ ತಿರುಗಿಸುತ್ತ, ಅದು ಹೊಳಪೇರಿ ಜೋಲತೊಡಗಿದೊಡನೆ ಉರಿಯಿಂದ ಆಚೆ ತೆಗೆದು ಎಳೆದರೆ ತಂತಿಯಾಗುತ್ತದೆ. ಬೇಗ ಎಳೆದರೆ ಸಣ್ಣದು, ನಿಧಾನಿಸಿದರೆ ದಪ್ಪ. ಬೆಲ್‌ಫಾಸ್ಟ್ ಕಿಟ್ಟಿನಲ್ಲಿ ಮೂರು ಮೂರು ಫಿರಂಗಿಗಳ ನಾಲ್ಕು ಟರೆಟ್‌ಗಳಿದ್ದವು. ನಿಜವಾದ ಮೈಸೂರಿನಲ್ಲಿದ್ದವು ಮೂರು. ನನ್ನದರಲ್ಲಿ ಹಿಂದಿನದನ್ನೂ ತೆಗೆದ ಮೇಲೆ ಎರಡು ಟರೆಟ್‌ಗಳು ಮಿಕ್ಕಿ, ಡಬ್ಬಿಯೊಂದರಲ್ಲಿ ಬಿದ್ದಿವೆ. ಹೇಗೂ ನನಗೆ ಬೇಡವಾದವಲ್ಲವೇ ಎಂದು ಗೆಳೆಯರು ನಿನ್ನೆ ಫೋನ್ ಮಾಡಿ ಅವನ್ನು ಕೇಳಿದರು, ನಾಲ್ಕನೆಯ ಸಾಲಿಗಂತೆ. ಡಬ್ಬಿ ಎಲ್ಲಿದೆಯೋ ಹುಡುಕಬೇಕು ಎಂದು ಹೇಳಿದ್ದೇನೆ. ಅದು ನನ್ನ ಮೊಣಕೈ ಪಕ್ಕದಲ್ಲಿಯೇ ಇದೆ, ಕೊಡುವ ಮನಸ್ಸಿಲ್ಲ.